ವಹಾಕಾದ ಸಂತೆಗೆ ಹೋಗುವ ಮುನ್ನ: ಮೆಕ್ಸಿಕೊದ ಊಟ ಅರ್ಥ ಮಾಡಿಕೊಳ್ಳುವುದು ಹೇಗೆ?

ಅಮೆರಿಕದಲ್ಲಿರುವ ಕನ್ನಡಿಗರು ರಜೆಗೆ ಮೆಕ್ಸಿಕೊ ಕಡೆ ಹೊರಡಲು ಒಂದು ಸರಳ ಕಾರಣವಿದೆ. ಭಾರತದ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊ ಪ್ರವಾಸಕ್ಕೆ ಬೇರೆ ವೀಸಾ ಬೇಕಿಲ್ಲ. ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ವೀಸಾ ಇದ್ದವರಿಗೂ ಅಷ್ಟೇ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ. ಇದರ ಮೇಲೆ 2026ರ ಫುಟ್‌ಬಾಲ್ ವಿಶ್ವಕಪ್ ಬೇರೆ. ಅಮೆರಿಕ, ಕೆನಡಾ ಜೊತೆ ಮೆಕ್ಸಿಕೊ ಕೂಡ ಅದರ ಆತಿಥೇಯ. ಹೀಗಾಗಿ ಬೆಂಗಳೂರಿನಲ್ಲಿ ಕೂತವರೂ ಈಗ ಮೆಕ್ಸಿಕೊ ನಕ್ಷೆ ನೋಡುತ್ತಿದ್ದಾರೆ.

ಹೋದವರಲ್ಲಿ ಹೆಚ್ಚಿನವರು ಕಾನ್ಕುನ್ ಸಮುದ್ರ ತೀರ ನೋಡಿಕೊಂಡು ವಾಪಸ್ ಬರುತ್ತಾರೆ. ಊಟದ ಮೇಲೆ ಆಸೆ ಇರುವವರು ಮಾತ್ರ ದಕ್ಷಿಣದ ವಹಾಕಾ ರಾಜ್ಯದ ಕಡೆ ತಿರುಗುತ್ತಾರೆ. ಅಲ್ಲಿ ಇಳಿದ ಮೇಲೆ ತಬ್ಬಿಬ್ಬು. ಬುರಿಟೊ ಕಾಣುವುದೇ ಅಪರೂಪ. ಹಳದಿ ಚೀಸ್ ಸುರಿದ ನಾಚೊಸ್ ಸಿಗುವುದಿಲ್ಲ. ಬುಟ್ಟಿ ತುಂಬ ಹುರಿದ ಮಿಡತೆ ಇರುತ್ತದೆ. ಏನಿದು, ಯಾಕೆ ಹೀಗೆ, ಯಾವುದನ್ನು ಹೇಗೆ ಕೇಳಿ ತಿನ್ನಬೇಕು? ಒಂದೊಂದಾಗಿ ನೋಡೋಣ.

## ನಾವು ತಿಂದದ್ದು ಯಾವ ಮೆಕ್ಸಿಕೊ?

ಬೆಂಗಳೂರಿನ ಮಾಲ್‌ಗಳಲ್ಲಿ ‘ಮೆಕ್ಸಿಕನ್’ ಹೆಸರಿನಲ್ಲಿ ಸಿಗುವುದರಲ್ಲಿ ಬಹುಪಾಲು ಟೆಕ್ಸಸ್ ಮತ್ತು ಉತ್ತರ ಮೆಕ್ಸಿಕೊದ ಗಡಿ ಸೀಮೆಯ ಊಟ. ಆ ಕಡೆ ನೆಲ ಒಣ, ದನ ಸಾಕುವುದು ಜಾಸ್ತಿ, ಗೋಧಿ ಬೆಳೆಯುತ್ತದೆ. ಅದಕ್ಕೇ ಬುರಿಟೊಗೆ ಟೋರ್ಟಿಯಾ ಎಂಬ ತೆಳು ಮೈದಾ ರೊಟ್ಟಿ, ಒಳಗೆ ದನದ ಮಾಂಸ, ಚೀಸ್. ನಾಚೊಸ್ ಕೂಡ ಗಡಿಯ ಪಿಯೆದ್ರಾಸ್ ನೆಗ್ರಾಸ್ ಎಂಬ ಊರಿನಲ್ಲಿ 1940ರ ದಶಕದಲ್ಲಿ ಹುಟ್ಟಿದ್ದು. ಇಗ್ನಾಸಿಯೊ ಅನಾಯಾ ಎಂಬಾತ ಹೊತ್ತಲ್ಲದ ಹೊತ್ತಿನಲ್ಲಿ ಬಂದ ಗಿರಾಕಿಗಳಿಗೆ ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಟ್ಟ ತಿಂಡಿ ಅದು. ಇಗ್ನಾಸಿಯೊ ಹೆಸರಿನವರನ್ನು ಮುದ್ದಿಗೆ ನಾಚೊ ಅಂತ ಕರೆಯುತ್ತಾರೆ.

ಉಳಿದ ಮೆಕ್ಸಿಕೊ ಬೇರೆಯದೇ. ಪೂರ್ವದ ಯುಕತಾನ್‌ನಲ್ಲಿ ಅಚಿಯೋತೆ ಎಂಬ ಕೆಂಪು ಬೀಜ ಅರೆದು, ಹುಳಿ ಕಿತ್ತಳೆ ರಸ ಸೇರಿಸಿ, ಮಾಂಸವನ್ನು ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುತ್ತಾರೆ. ವೆರಾಕ್ರೂಸ್ ಕರಾವಳಿಯಲ್ಲಿ ಮೀನಿಗೆ ಆಲಿವ್ ಬೀಳುತ್ತದೆ. ಸ್ಪೇನಿನ ಹಡಗುಗಳು ಬಂದು ನಿಲ್ಲುತ್ತಿದ್ದ ಬಂದರು ಅದು. ಮೆಕ್ಸಿಕೊ ಸಿಟಿಯ ಬೀದಿಗಳಲ್ಲಿ ಕಂಬಿಗೆ ಸಿಕ್ಕಿಸಿ ತಿರುಗಿಸುತ್ತ ಸುಡುವ ಅಲ್ ಪಾಸ್ತೋರ್ ಮಾಂಸದ ಮೂಲ ಲೆಬನಾನ್‌ನಿಂದ ವಲಸೆ ಬಂದವರ ಶವರ್ಮಾ. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟರಲ್ಲಿ ವಹಾಕಾವನ್ನೇ ಆರಿಸಿದ್ದೇಕೆ? ಈ ಒಂದು ರಾಜ್ಯದಲ್ಲಿ 570 ಮುನಿಸಿಪಾಲಿಟಿಗಳಿವೆ. ಸಪೊಟೆಕ್, ಮಿಶ್ಟೆಕ್ ಸೇರಿ 16 ಮೂಲನಿವಾಸಿ ಸಮುದಾಯಗಳಿವೆ. ಬೆಟ್ಟಗಳು ಊರೂರನ್ನು ಬೇರೆ ಮಾಡಿಟ್ಟಿವೆ. ಹಾಗಾಗಿ ಒಂದು ಕಣಿವೆಯ ಅಡುಗೆ ಪಕ್ಕದ ಕಣಿವೆಯಲ್ಲಿ ಹಾಗೇ ಇರುವುದಿಲ್ಲ. ಆದರೆ ಎಲ್ಲದರ ಬುಡದಲ್ಲಿ ಒಂದೇ ಧಾನ್ಯವಿದೆ, ಮೆಕ್ಕೆಜೋಳ.

## ಸುಣ್ಣದಲ್ಲಿ ಬೆಂದ ಜೋಳ

ಮೆಕ್ಕೆಜೋಳ ಹುಟ್ಟಿದ್ದೇ ಮೆಕ್ಸಿಕೊದಲ್ಲಿ. ತೆಯೊಸಿಂತೆ ಎಂಬ ಕಾಡು ಹುಲ್ಲನ್ನು ಜನ ಸುಮಾರು 9,000 ವರ್ಷಗಳ ಹಿಂದೆ ಪಳಗಿಸಲು ಶುರು ಮಾಡಿದರು. ಆ ಹುಲ್ಲಿನ ತೆನೆಯಲ್ಲಿ ಗಟ್ಟಿ ಕವಚದ ಐದರಿಂದ ಹನ್ನೆರಡು ಕಾಳು, ಅಷ್ಟೇ. ವಹಾಕಾದ ಮಿತ್ಲಾ ಊರಿನ ಬಳಿ ಗಿಲಾ ನಾಕಿತ್ಸ್ ಎಂಬ ಗುಹೆಯಿದೆ. ಅಲ್ಲಿ ಸಿಕ್ಕ ಬೆರಳುದ್ದದ ಜೋಳದ ದಿಂಡುಗಳಿಗೆ 6,000 ವರ್ಷಕ್ಕೂ ಜಾಸ್ತಿ ವಯಸ್ಸು.

ಬೆಳೆಯುವುದು ಒಂದು ಜಾಣತನವಾದರೆ, ಬೇಯಿಸುವುದರಲ್ಲಿ ಇನ್ನೂ ದೊಡ್ಡ ಜಾಣತನವಿದೆ. ಒಣ ಜೋಳವನ್ನು ಬೀಸಿ ನೀರು ಹಾಕಿ ಕಲಸಿದರೆ ಹಿಟ್ಟು ಹಿಡಿದುಕೊಳ್ಳುವುದಿಲ್ಲ, ಒಡೆದುಹೋಗುತ್ತದೆ. ಮೆಕ್ಸಿಕೊದವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ. ನಾವು ವೀಳ್ಯದೆಲೆಗೆ ಹಚ್ಚುತ್ತೇವಲ್ಲ, ಅದೇ ಸುಣ್ಣ. ಒಂದು ಕಿಲೊ ಕಾಳಿಗೆ ಹೆಚ್ಚುಕಡಿಮೆ 10 ಗ್ರಾಂ ಸಾಕು. ಕುದಿ ಬಂದು ಸಿಪ್ಪೆ ಬಿಡತೊಡಗಿದ ಮೇಲೆ ಒಲೆ ಆರಿಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ನೋಡಿದರೆ ನೀರು ಹಳದಿಯಾಗಿರುತ್ತದೆ, ಕೈಗೆ ಸ್ವಲ್ಪ ಲೋಳೆ ಅಂಟುತ್ತದೆ. ಕಾಳನ್ನು ಅಂಗೈಯಲ್ಲಿ ತಿಕ್ಕಿದರೆ ಸಿಪ್ಪೆ ಸುಲಭವಾಗಿ ಜಾರುತ್ತದೆ. ಎರಡು ಮೂರು ನೀರಲ್ಲಿ ತೊಳೆದರೆ ನಿಸ್ತಮಾಲ್ ಸಿದ್ಧ. ಅದನ್ನು ಹಸಿಯಾಗಿಯೇ ಅರೆದರೆ ಮಾಸಾ, ಅಂದರೆ ಟೋರ್ಟಿಯಾ ಹಿಟ್ಟು. ಹಿಂದೆ ಮೆತಾತೆ ಎಂಬ ಇಳಿಜಾರು ಕಲ್ಲಿನ ಮೇಲೆ ಮಂಡಿಯೂರಿ ಅರೆಯುತ್ತಿದ್ದರು. ಈಗ ಹೆಂಗಸರು ಬಕೆಟ್ ಹಿಡಿದು ಬೀದಿಯ ಗಿರಣಿಗೆ ಹೋಗುತ್ತಾರೆ.

ಸುಣ್ಣ ಮಾಡುವ ಕೆಲಸ ಮೂರು. ಸಿಪ್ಪೆಯನ್ನು ಕರಗಿಸಿ ಹಿಟ್ಟಿಗೆ ಅಂಟು ಕೊಡುತ್ತದೆ. ಕ್ಯಾಲ್ಸಿಯಂ ಸೇರಿಸುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಜೋಳದೊಳಗೆ ನಯಾಸಿನ್ ಎಂಬ ಬಿ ವಿಟಮಿನ್ ಇದ್ದರೂ ನಮ್ಮ ದೇಹಕ್ಕೆ ದಕ್ಕದ ಹಾಗೆ ಕಟ್ಟಿಹಾಕಿಕೊಂಡಿರುತ್ತದೆ. ಸುಣ್ಣದ ಕ್ಷಾರ ಆ ಕಟ್ಟು ಬಿಡಿಸುತ್ತದೆ.

ಇದು ಸಣ್ಣ ಸಂಗತಿಯಲ್ಲ. ಸ್ಪೇನಿನವರು ಜೋಳವನ್ನು ಯುರೋಪಿಗೆ ಒಯ್ದರು, ಸುಣ್ಣದ ವಿದ್ಯೆಯನ್ನು ಇಲ್ಲೇ ಬಿಟ್ಟರು. 18ನೇ ಶತಮಾನದಲ್ಲಿ ಸ್ಪೇನ್, ಉತ್ತರ ಇಟಲಿಯಲ್ಲಿ ಜೋಳವನ್ನೇ ನಂಬಿದ್ದ ಬಡವರಿಗೆ ಪೆಲಾಗ್ರಾ ಬಂತು. ಚರ್ಮ ಸುಲಿದು, ಭೇದಿಯಾಗಿ, ಕೊನೆಗೆ ಬುದ್ಧಿ ಭ್ರಮಣೆಯಾಗುವ ಕಾಯಿಲೆ. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಹರಡಿತು. ಇದು ಸೋಂಕಲ್ಲ, ಊಟದ ಕೊರತೆ ಎಂದು ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟಿದ್ದು 1910ರ ದಶಕದಲ್ಲಿ. ಮೆಕ್ಸಿಕೊದ ಹಳ್ಳಿಗಳಲ್ಲಿ ಅಷ್ಟೇ ಜೋಳ ತಿನ್ನುತ್ತಿದ್ದವರು ಈ ಕಾಯಿಲೆಯಿಂದ ದೂರವೇ ಇದ್ದರು. ಅವರ ಹೊಲದಲ್ಲಿ ಜೋಳದ ಜೊತೆ ಹುರುಳಿಕಾಯಿ ಜಾತಿಯ ಬಳ್ಳಿಯನ್ನೂ ಕುಂಬಳವನ್ನೂ ಅಕ್ಕಡಿ ಬೆಳೆಯಾಗಿ ಹಾಕುತ್ತಾರೆ. ಈ ಹೊಲಕ್ಕೆ ಮಿಲ್ಪಾ ಎನ್ನುತ್ತಾರೆ. ಬಳ್ಳಿ ಜೋಳದ ದಂಟಿಗೆ ಹಬ್ಬಿ ಮಣ್ಣಿಗೆ ಸಾರಜನಕ ಕೊಡುತ್ತದೆ. ಕುಂಬಳದ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತದೆ. ತಟ್ಟೆಯಲ್ಲೂ ಇವು ಮೂರೂ ಒಟ್ಟಿಗೇ ಬರುತ್ತವೆ.

ಜೋಳ ಅಲ್ಲಿ ರಾಜಕೀಯವೂ ಹೌದು. ‘ಜೋಳವಿಲ್ಲದೆ ದೇಶವಿಲ್ಲ’ ಎಂಬುದು ಅಲ್ಲಿನ ರೈತ ಚಳವಳಿಯ ಘೋಷಣೆ. 2025ರ ಮಾರ್ಚ್‌ನಲ್ಲಿ ಕುಲಾಂತರಿ ಜೋಳದ ಬಿತ್ತನೆಯನ್ನು ಸಂವಿಧಾನ ತಿದ್ದುಪಡಿ ಮಾಡಿಯೇ ನಿಷೇಧಿಸಿದರು.

## ಒಂದೇ ಹಿಟ್ಟು, ಹತ್ತು ಹೆಸರು

ಮಾಸಾ ಗೊತ್ತಾದರೆ ಮೆನು ಅರ್ಧ ಅರ್ಥವಾದಂತೆ. ತೆಳ್ಳಗೆ ತಟ್ಟಿ ಸುಟ್ಟರೆ ಟೋರ್ಟಿಯಾ. ದಪ್ಪಗೆ ತಟ್ಟಿ, ಅಂಚು ಚಿವುಟಿ, ಮೇಲೆ ಬೀನ್ಸ್ ಕಾಳಿನ ಪೇಸ್ಟ್ ಸವರಿದರೆ ಮೆಮೆಲಾ. ಒಳಗೆ ಹೂರಣ ಇಟ್ಟು ಮೂರು ಮೂಲೆಯಾಗಿ ಮಡಚಿದರೆ ತೆತೆಲಾ. ಜೋಳದ ತೆನೆಯ ಸಿಪ್ಪೆಯಲ್ಲೋ ಬಾಳೆ ಎಲೆಯಲ್ಲೋ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ತಮಾಲ್.

ವಹಾಕಾದ ಹೆಮ್ಮೆ ತ್ಲಾಯೂದಾ. ಒಂದಡಿಗೂ ಅಗಲವಾದ, ಅರ್ಧ ಗರಿಗರಿ ಟೋರ್ಟಿಯಾ. ಅದರ ಮೇಲೆ ಕಪ್ಪು ಬೀನ್ಸ್ ಕಾಳು, ಎಲೆಕೋಸು, ಕೆಸೀಯೊ ಎಂಬ ಎಳೆ ಎಳೆಯಾಗಿ ಬಿಡುವ ಚೀಸ್. ಕೆಂಡದ ಮೇಲೆ ಕಾಯಿಸಿ ಮಡಚಿ ಕೊಡುತ್ತಾರೆ. ರಾತ್ರಿ ಹೊತ್ತಿನ ತಿಂಡಿ ಇದು. ಇದರಲ್ಲಿ ಸಸ್ಯಾಹಾರಿಗಳಿಗೆ ಕಾಣದ ಒಂದು ಪದರ ಇರುತ್ತದೆ, ಆ ಮಾತು ಮುಂದೆ.

ಸುಡುವ ಹಂಚಿಗೆ ಕೊಮಾಲ್ ಎನ್ನುತ್ತಾರೆ. ಇಲ್ಲಿ ಅದು ಮಣ್ಣಿನದು. ಟೋರ್ಟಿಯಾ ಅಂಟದಿರಲು ಹಂಚಿಗೆ ಮೊದಲು ಸುಣ್ಣದ ನೀರು ಬಳಿಯುತ್ತಾರೆ. ಸುಣ್ಣದ ಕೆಲಸ ಇಲ್ಲಿಗೂ ಮುಗಿಯಲಿಲ್ಲ ನೋಡಿ. ಟೋರ್ಟಿಯಾ ಚೆನ್ನಾಗಿದೆಯಾ ಎಂದು ತಿಳಿಯಬೇಕಾ? ಹಂಚಿನ ಮೇಲೆ ಉಬ್ಬಬೇಕು, ಮಡಚಿದರೆ ಬಿರಿಯಬಾರದು.

## ಮೋಲೆ ಅಂದರೆ ಚಾಕೊಲೇಟ್ ಸಾಸ್ ಅಲ್ಲ

ಮೋಲೆ ಎಂದರೆ ಚಾಕೊಲೇಟ್ ಸಾಸ್ ಎಂದು ಪ್ರವಾಸಿಗರಿಗೆ ಹೇಳಿ ಹೇಳಿ ಅದು ನಿಜವೆಂದೇ ಆಗಿದೆ. ಮೋಲೆ ಎಂಬುದು ಮೆಣಸಿನಕಾಯಿ ಅರೆದು ಮಾಡುವ ಗಟ್ಟಿ ಗೊಜ್ಜುಗಳ ಒಂದು ದೊಡ್ಡ ಕುಟುಂಬ. ಚಾಕೊಲೇಟ್ ಬೀಳುವುದು ಕೆಲವಕ್ಕೆ ಮಾತ್ರ, ಅದೂ ಸ್ವಲ್ಪ.

ವಹಾಕಾಗೆ ‘ಏಳು ಮೋಲೆಗಳ ನಾಡು’ ಎಂಬ ಹೆಸರಿದೆ: ಕಪ್ಪು, ಕೆಂಪು, ಕೊಲೊರಾದೀತೊ, ಹಳದಿ, ಹಸಿರು, ಚಿಚೀಲೊ, ಮಾಂಚಮಾಂತೆಲೆಸ್. ಏಳು ಎಂಬುದು ಹೇಳಲು ಸುಲಭವಾದ ಲೆಕ್ಕ. ನಿಜದಲ್ಲಿ ಊರಿಗೊಂದು, ಮನೆಗೊಂದು ಇದೆ.

ಕಪ್ಪು ಮೋಲೆಯ ಬಣ್ಣ ಬರುವುದು ಸುಡುವುದರಿಂದ. ಚಿಲ್ವಾಕ್ಲೆ ಎಂಬ ದುಂಡು ಮೆಣಸಿನಕಾಯಿಯನ್ನು ಇತರ ಒಣ ಮೆಣಸಿನಕಾಯಿಗಳ ಜೊತೆ ಕಪ್ಪಗಾಗುವ ತನಕ ಹುರಿಯುತ್ತಾರೆ. ಬೀಜವನ್ನು ಬೇರೆ ತೆಗೆದು ಇದ್ದಿಲಾಗುವಷ್ಟು ಸುಡುತ್ತಾರೆ. ಆ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತ ಹೊರಗೆ ಬರಬೇಕು. ಸುಟ್ಟ ಟೋರ್ಟಿಯಾ, ಎಳ್ಳು, ಬಾದಾಮಿ, ಒಣದ್ರಾಕ್ಷಿ, ಹುರಿದ ಬಾಳೆಹಣ್ಣು, ಲವಂಗ, ದಾಲ್ಚಿನ್ನಿ, ಕೊನೆಗೆ ಒಂದಿಷ್ಟು ಚಾಕೊಲೇಟ್. ಎಲ್ಲ ಅರೆದು ಗಂಟೆಗಟ್ಟಲೆ ತಿರುವುತ್ತಾರೆ. ಮೊದಲ ತುತ್ತಿಗೆ ಕಹಿ, ಆಮೇಲೆ ಸಿಹಿ, ಖಾರ ಎಲ್ಲಕ್ಕಿಂತ ಕೊನೆಗೆ. ಬ್ಯಾಡಗಿ ಮೆಣಸಿನಕಾಯಿಯನ್ನು ಖಾರಕ್ಕಿಂತ ಬಣ್ಣ, ಘಮಕ್ಕೆ ಹಾಕುವವರಿಗೆ ಇದು ಬೇಗ ಹಿಡಿಸುತ್ತದೆ.

ಹಸಿರು ಮೋಲೆ ಇದಕ್ಕೆ ತದ್ವಿರುದ್ಧ. ಹಸಿ ಸೊಪ್ಪು ಅರೆದು, ಮಾಸಾದಿಂದ ಗಟ್ಟಿ ಮಾಡಿದ ಹಗುರ ಸಾರು. ಚಿಚೀಲೊದಲ್ಲಿ ಸುಟ್ಟ ಟೋರ್ಟಿಯಾದ ಬೂದಿಯೇ ರುಚಿ.

ಅಂಗಡಿಯಲ್ಲಿ ಒಂದೇ ಮೆಣಸಿನಕಾಯಿಗೆ ಎರಡು ಹೆಸರು ಕಂಡರೆ ಗಾಬರಿಯಾಗಬೇಡಿ. ಹಸಿಯಾಗಿದ್ದಾಗ ಪೊಬ್ಲಾನೊ, ಒಣಗಿದರೆ ಆಂಚೊ. ಹಸಿ ಹಲಪೇನ್ಯೊವನ್ನು ಹೊಗೆಯಲ್ಲಿ ಒಣಗಿಸಿದರೆ ಚಿಪೋತ್ಲೆ.

## ಸಂತೆ: ದಿನಕ್ಕೊಂದು ಊರು

ವಹಾಕಾ ಕಣಿವೆಯಲ್ಲಿ ಸಂತೆ ದಿನಕ್ಕೊಂದು ಊರಿನಲ್ಲಿ ನೆರೆಯುತ್ತದೆ. ಬುಧವಾರ ಎತ್ಲಾ, ಗುರುವಾರ ಸಾಚೀಲಾ, ಶುಕ್ರವಾರ ಒಕೊತ್ಲಾನ್, ಶನಿವಾರ ವಹಾಕಾ ನಗರದ ಸೆಂತ್ರಾಲ್ ದೆ ಅಬಾಸ್ತೊಸ್, ಭಾನುವಾರ ತ್ಲಕೊಲೂಲಾ. ಸ್ಪೇನಿನವರು ಬರುವ ಮೊದಲಿನ ಪದ್ಧತಿ ಇದು. ಒಂದೂರು ಮಡಕೆ ಮಾಡುತ್ತದೆ, ಇನ್ನೊಂದು ನೇಯುತ್ತದೆ, ಮತ್ತೊಂದು ಮೆಣಸಿನಕಾಯಿ ಬೆಳೆಯುತ್ತದೆ. ಎಲ್ಲರಿಗೂ ಎಲ್ಲವೂ ಸಿಗಬೇಕಾದರೆ ಸಂತೆ ಸುತ್ತುತ್ತಲೇ ಇರಬೇಕು. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1940–41ರಲ್ಲಿ ಹೂಲಿಯೊ ದೆ ಲಾ ಫುಯೆಂತೆ ಜೊತೆ ಇದೇ ಸಂತೆಗಳನ್ನು ಅಧ್ಯಯನ ಮಾಡಿದ್ದ.

ಒಂದೇ ಸಂತೆ ನೋಡಲು ಸಮಯವಿದ್ದರೆ, ನನ್ನನ್ನು ಕೇಳಿದರೆ, ತ್ಲಕೊಲೂಲಾ. ನಗರದಿಂದ ಸುಮಾರು 30 ಕಿಲೋಮೀಟರ್. ಬಸ್ಸೂ ಇದೆ, ಸೀಟಿನ ಲೆಕ್ಕದ ಷೇರ್ ಟ್ಯಾಕ್ಸಿಯೂ ಇದೆ. ದಾರಿಯಲ್ಲೇ ತೂಲೆ ಎಂಬ ಊರಿನಲ್ಲಿ ಸುಮಾರು 14 ಮೀಟರ್ ಅಡ್ಡಗಲದ ಬುಡವಿರುವ ಮರವೊಂದಿದೆ, ಇಳಿದು ನೋಡಬಹುದು.

ಭಾನುವಾರ ತ್ಲಕೊಲೂಲಾದ ಬೀದಿಗಳ ಮೇಲೆಲ್ಲ ಟಾರ್ಪಾಲು. ಎತ್ತರದವರು ತಲೆ ತಗ್ಗಿಸಿ ನಡೆಯಬೇಕು. ಹೆಂಗಸರು ಕಸೂತಿ ಹಾಕಿದ ಏಪ್ರನ್ ತೊಟ್ಟಿರುತ್ತಾರೆ. ಕಾಲು ಕಟ್ಟಿದ ಟರ್ಕಿ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದವರು ಅಲ್ಲಲ್ಲಿ ನಿಂತಿರುತ್ತಾರೆ. ಟರ್ಕಿ ಮೂಲತಃ ಇಲ್ಲಿಯದೇ. ಮಿಡತೆಯ ಹೆಸರು ಚಪುಲೀನೆಸ್. ಬೆಳ್ಳುಳ್ಳಿ, ನಿಂಬೆ, ಉಪ್ಪು ಹಾಕಿ ಕೆಂಪಗೆ ಹುರಿದು ಗಾತ್ರದ ಪ್ರಕಾರ ಬೇರೆ ಬೇರೆ ರಾಶಿ ಹಾಕಿರುತ್ತಾರೆ. ಒಮ್ಮೆ ತಿಂದವರು ವಹಾಕಾಗೆ ಮರಳಿ ಬಂದೇ ಬರುತ್ತಾರೆ ಎಂಬ ಮಾತಿದೆ.

ನಿಂತು ನೋಡಲೇಬೇಕಾದದ್ದು ತೆಹಾತೆ ಎಂಬ ತಂಪು ಪಾನೀಯ ಮಾರುವವರನ್ನು. ಬೂದಿ ಹಾಕಿ ಬೇಯಿಸಿದ ಜೋಳ, ಹುರಿದ ಕೊಕೊ ಬೀಜ, ಮಮೇ ಹಣ್ಣಿನ ಬೀಜ, ರೊಸೀತಾ ದೆ ಕಕಾವೊ ಎಂಬ ಪರಿಮಳದ ಹೂವು, ಇಷ್ಟನ್ನೂ ಅರೆದ ಕಂದು ಮುದ್ದೆ ಅಗಲ ಮಣ್ಣಿನ ಪಾತ್ರೆಯಲ್ಲಿರುತ್ತದೆ. ಮಾರುವಾಕೆ ಮೊಣಕೈವರೆಗೆ ಕೈ ಹಾಕಿ ನಾದುತ್ತಾಳೆ, ಸ್ವಲ್ಪ ಸ್ವಲ್ಪವೇ ತಣ್ಣೀರು ಬೆರೆಸುತ್ತಾಳೆ, ಆಮೇಲೆ ಎತ್ತರದಿಂದ ಸಣ್ಣ ಧಾರೆಯಾಗಿ ಸುರಿಯುತ್ತಾಳೆ. ಕೊಕೊ ಮತ್ತು ಮಮೇ ಬೀಜದ ಜಿಡ್ಡು ದಪ್ಪ ಬಿಳಿ ನೊರೆಯಾಗಿ ಮೇಲೆ ಬರುತ್ತದೆ. ಬಣ್ಣ ಬಳಿದ ಸೋರೆ ಬುರುಡೆಯ ಬಟ್ಟಲಿನಲ್ಲಿ, ನೊರೆ ಮೇಲಿಟ್ಟು, ಬೇಕೆಂದರೆ ಸಕ್ಕರೆ ಪಾಕ ಬಿಟ್ಟು ಕೊಡುತ್ತಾಳೆ. ಹಾಲಿಲ್ಲ, ಮಾಂಸವಿಲ್ಲ. ಸಪೊಟೆಕ್ ಊರಾದ ವಯಾಪಮ್‌ನವರ ತೆಹಾತೆಗೆ ಹೆಸರು ಜಾಸ್ತಿ.

ಸಂತೆಯ ನಡವಳಿಕೆ ಕಷ್ಟವೇನಿಲ್ಲ. ಮೊದಲು ‘ಬ್ವೆನೊಸ್ ದೀಯಾಸ್’ ಎನ್ನಿ, ಆಮೇಲೆ ಬೆಲೆ ಕೇಳಿ. ಊಟ ಮಾಡುತ್ತಿರುವವರ ಪಕ್ಕ ಹಾದುಹೋಗುವಾಗ ‘ಪ್ರೊವೇಚೊ’ ಎನ್ನುವುದು ರೂಢಿ. ಫೋಟೊಗೆ ಮುಂಚೆ ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಕೊಳ್ಳುವವರೂ ಮಾರುವವರೂ ಒಬ್ಬರನ್ನೊಬ್ಬರು ‘ಮರ್ಚಾಂತಾ’ ಎಂದು ಕರೆಯುತ್ತಾರೆ. ತರಕಾರಿ ಕೊಂಡ ಮೇಲೆ ಕೊಸರು ಕೇಳಬಹುದು, ಅದಕ್ಕೆ ಪಿಲೋನ್ ಎನ್ನುತ್ತಾರೆ. ಆದರೆ ಕೈಯಲ್ಲಿ ನೇಯ್ದ, ಕೆತ್ತಿದ ಸಾಮಾನಿಗೆ ಅರ್ಧ ಬೆಲೆ ಕೇಳಿ ಜಗ್ಗಾಡಬೇಡಿ, ತಿಂಗಳುಗಟ್ಟಲೆ ಕೆಲಸ ಅದು. ಪಕ್ಕದ ತೆಯೊತಿತ್ಲಾನ್ ಊರಿನ ನೇಕಾರರು ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಹುಳದಿಂದ ಕೆಂಪು ಬಣ್ಣ ತೆಗೆಯುತ್ತಾರೆ. ವಸಾಹತು ಕಾಲದಲ್ಲಿ ಬೆಳ್ಳಿ ಬಿಟ್ಟರೆ ಇಲ್ಲಿಂದ ಹೋಗುತ್ತಿದ್ದ ಅತಿ ಬೆಲೆಯ ಸರಕು ಇದೇ ಬಣ್ಣ.

ನಗರದೊಳಗೆ ವೆಯಿಂತೆ ದೆ ನೊವಿಯೆಂಬ್ರೆ ಮಾರುಕಟ್ಟೆಯಲ್ಲಿ ‘ಹೊಗೆ ಓಣಿ’ ಇದೆ. ಮಾಂಸವನ್ನು ತೂಕದ ಲೆಕ್ಕದಲ್ಲಿ ಆರಿಸಿದರೆ ಅಲ್ಲೇ ಕೆಂಡದ ಮೇಲೆ ಸುಟ್ಟುಕೊಡುತ್ತಾರೆ. ಟೋರ್ಟಿಯಾ, ಈರುಳ್ಳಿ, ಮೆಣಸಿನಕಾಯಿ ಬೇರೆಯವರ ಹತ್ತಿರ ಕೊಳ್ಳಬೇಕು.

## ಮಾಂಸ ತಿನ್ನದವರು ಏನು ಮಾಡಬೇಕು?

ಹಸಿವಿನಲ್ಲಿ ಇರಬೇಕಿಲ್ಲ, ಆದರೆ ಸರಿಯಾಗಿ ಕೇಳಬೇಕು. ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ ಎಂದರೆ ಸಾಲದು. ಎಷ್ಟೋ ಕಡೆ ಕಾರ್ನೆ ಎಂದರೆ ದನ, ಹಂದಿಯ ಮಾಂಸ ಮಾತ್ರ ಎಂದುಕೊಂಡು ಕೋಳಿ ಹಾಕಿ ತರುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ಮಾಂತೇಕಾ, ಅಂದರೆ ಹಂದಿ ಕೊಬ್ಬು. ಬೀನ್ಸ್ ಕಾಳಿನ ಪೇಸ್ಟಿನಲ್ಲಿ, ತಮಾಲ್ ಹಿಟ್ಟಿನಲ್ಲಿ ಅದು ಇರುವುದೇ ಹೆಚ್ಚು. ತ್ಲಾಯೂದಾ ಮೇಲೆ ಮೊದಲು ಸವರುವ ಅಸಿಯೆಂತೊ ಕೂಡ ಹಂದಿ ಕೊಬ್ಬಿನ ಗಸಿಯೇ. ಮೇಲೆ ಹೇಳಿದ ಕಾಣದ ಪದರ ಇದು. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು. ಹಾಗಾಗಿ ‘ಸಿನ್ ಮಾಂತೇಕಾ, ಸಿನ್ ಅಸಿಯೆಂತೊ, ಸಿನ್ ಪೊಯೊ’ ಎಂದು ಮೂರನ್ನೂ ಹೇಳಿ.

ಇನ್ನು ಸಿಗುವುದು ಕಡಿಮೆಯೇನಲ್ಲ. ಕುಂಬಳ ಹೂ, ಕೆಸೀಯೊ ತುಂಬಿದ ಕೆಸದೀಯಾ. ಪಾಪಾಸುಕಳ್ಳಿಯ ಎಳೆ ಎಲೆಯ ಪಲ್ಯ. ಜೋಳದ ತೆನೆಗೆ ಬರುವ ಕಪ್ಪು ಶಿಲೀಂಧ್ರ ವಿತ್ಲಕೋಚೆ, ನೋಡಲು ಒಂಥರಾ, ತಿಂದರೆ ಅಣಬೆ. ಕುಂಬಳ ಬಳ್ಳಿಯ ಕುಡಿ, ಹೂ, ಎಳೆಕಾಯಿ ಹಾಕಿದ ಸೋಪಾ ದೆ ಗೀಯಾಸ್ ಎಂಬ ಸಾರು ಸಿಕ್ಕರೆ ಬಿಡಬೇಡಿ. ಬೆಳಿಗ್ಗೆಗೆ ನೀರಿನಲ್ಲೋ ಹಾಲಿನಲ್ಲೋ ಕಡೆದ ಚಾಕೊಲೇಟ್ ಇದೆ. ಅದರ ಜೊತೆ ಕೊಡುವ ಬ್ರೆಡ್ಡಿನಲ್ಲಿ ಮೊಟ್ಟೆ ಇರುತ್ತದೆ.

ದೊಡ್ಡ ಊಟ ಮಧ್ಯಾಹ್ನ 2ರಿಂದ 4ರ ನಡುವೆ. ನಲ್ಲಿ ನೀರು ಕುಡಿಯಬೇಡಿ. ಚಿಲ್ಲರೆ ಪೆಸೊ ಕೈಯಲ್ಲಿರಲಿ.

ಮೆಸ್ಕಾಲ್ ಬಗ್ಗೆ ಒಂದು ಮಾತು ಸಾಕು. ಅಗಾವೆ ಎಂಬ ಕತ್ತಾಳೆ ಗಿಡದ ಗಡ್ಡೆಯನ್ನು ನೆಲದ ಗುಂಡಿಯಲ್ಲಿ ಸುಟ್ಟು, ಜಜ್ಜಿ, ಹುಳಿಸಿ ಬಟ್ಟಿ ಇಳಿಸಿದ ಮದ್ಯ. ಹೊಗೆಯ ವಾಸನೆ ಆ ಗುಂಡಿಯಿಂದ ಬಂದದ್ದು. ಎಸ್ಪದೀನ್ ಜಾತಿಯ ಗಿಡ ಬಲಿಯಲು 6ರಿಂದ 8 ವರ್ಷ ಬೇಕು, ಬೆಲೆ ಜಾಸ್ತಿ ಇರುವುದು ಅದಕ್ಕೇ.

## ಗೆಲಗೆತ್ಸಾ: ಸಪೊಟೆಕ್ ಜನರ ಮುಯ್ಯಿ

ವಹಾಕಾದಲ್ಲಿ ಕಿವಿಗೆ ಬೀಳುತ್ತಲೇ ಇರುವ ಹೆಸರು ಇದು. ಪ್ರವಾಸಿಗರಿಗೆ ಅದು ಜುಲೈ ತಿಂಗಳ ನೃತ್ಯೋತ್ಸವ. ಊರಿನವರಿಗೆ ಅದಕ್ಕೂ ಹಳೆಯ ವ್ಯವಹಾರ. ನಮ್ಮ ಹಳ್ಳಿಯ ಮದುವೆಯಲ್ಲಿ ಮುಯ್ಯಿ ಬರೆಸುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಮದುವೆ ಮನೆಗೆ ನೆಂಟರಿಷ್ಟರು ಟರ್ಕಿ, ಜೋಳ, ಕೊಕೊ, ಟೋರ್ಟಿಯಾ ತರುತ್ತಾರೆ. ಯಾರು ಏನು, ಎಷ್ಟು ಕೊಟ್ಟರು ಎಂದು ಮನೆಯವರು ಪುಸ್ತಕದಲ್ಲಿ ಬರೆದಿಡುತ್ತಾರೆ. ಕೊಟ್ಟವರ ಮನೆಯಲ್ಲಿ ಕಾರ್ಯ ಬಂದಾಗ ಅಷ್ಟನ್ನೇ ಹಿಂದಿರುಗಿಸಬೇಕು. ನೂರಾರು ಜನರಿಗೆ ಮೋಲೆ ಬಡಿಸುವ ಖರ್ಚನ್ನು ಬಡ ಕುಟುಂಬ ನಿಭಾಯಿಸುವುದು ಹೀಗೆ. ಇದರ ಜೊತೆ ತೆಕಿಯೊ ಎಂಬ ಪದ್ಧತಿಯೂ ಇದೆ. ಊರ ರಸ್ತೆ, ನೀರಿನ ಕೆಲಸಕ್ಕೆ ಪ್ರತಿ ಮನೆಯವರೂ ಕೂಲಿಯಿಲ್ಲದೆ ದುಡಿಯಬೇಕು.

ಉತ್ಸವದಲ್ಲೂ ಈ ಕೊಡುವ ಗುಣ ಕಾಣುತ್ತದೆ. ಬೇರೆ ಬೇರೆ ಸೀಮೆಯ ತಂಡಗಳು ಕುಣಿದ ಮೇಲೆ ತಮ್ಮೂರಿನ ಹಣ್ಣು, ಬ್ರೆಡ್ಡು, ಟೋಪಿಗಳನ್ನು ಪ್ರೇಕ್ಷಕರತ್ತ ಎಸೆಯುತ್ತವೆ. ಅನಾನಸ್ ಹೆಗಲ ಮೇಲಿಟ್ಟು ಕುಣಿಯುವ ತಂಡ ಬಂದಾಗ ತಲೆ ಜೋಪಾನ.

## ಯಾವಾಗ ಹೋಗುವುದು?

ಗೆಲಗೆತ್ಸಾ ಉತ್ಸವ ಜುಲೈ 16ರ ನಂತರದ ಎರಡು ಸೋಮವಾರ. ಸೋಮವಾರ 18ಕ್ಕೆ ಬಿದ್ದರೆ ಮಾತ್ರ ಒಂದು ವಾರ ಮುಂದೆ ಹೋಗುತ್ತದೆ. ಅಂದು ಬೆನಿತೊ ಹುವಾರೆಸ್ ಪುಣ್ಯತಿಥಿ. ಮೆಕ್ಸಿಕೊದ ಅಧ್ಯಕ್ಷನಾದ ಸಪೊಟೆಕ್ ಮನುಷ್ಯ, ವಹಾಕಾದವನೇ.

ನವೆಂಬರ್ 1 ಮತ್ತು 2 ತೀರಿಹೋದವರನ್ನು ಮನೆಗೆ ಕರೆಯುವ ದಿನಗಳು. ಮನೆಮನೆಯಲ್ಲಿ ಎಡೆ ಇಡುತ್ತಾರೆ: ಬ್ರೆಡ್ಡು, ಚಾಕೊಲೇಟ್, ಮೋಲೆ, ತೀರಿಕೊಂಡವರಿಗೆ ಇಷ್ಟವಾಗಿದ್ದ ತಿಂಡಿ. ಸುತ್ತಲೂ ರಾಶಿ ರಾಶಿ ಚೆಂಡು ಹೂ. ಆಯುಧಪೂಜೆಗೆ ನಾವು ಗಾಡಿಗೆ ಕಟ್ಟುವ ಅದೇ ಚೆಂಡು ಹೂ ಮೂಲತಃ ಮೆಕ್ಸಿಕೊದ್ದು. ಮೆಣಸಿನಕಾಯಿ, ಸಪೋಟ ಕೂಡ. ಈ ಎರಡು ಸಮಯದಲ್ಲಿ ಹೋಟೆಲ್ ತಿಂಗಳುಗಳ ಮೊದಲೇ ತುಂಬಿರುತ್ತದೆ, ಬಾಡಿಗೆಯೂ ಏರಿರುತ್ತದೆ.

ಮಳೆ ಮೇಯಿಂದ ಅಕ್ಟೋಬರ್‌ವರೆಗೆ, ಬೀಳುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಕಾಡಿನ ಅಣಬೆ, ಎಳೆ ಸೊಪ್ಪು, ಕುಂಬಳ ಹೂ ಯಥೇಚ್ಛ ಸಿಗುವುದೂ ಆಗಲೇ. ಬೆಳಿಗ್ಗೆ ಸಂತೆ ಮುಗಿಸಿಕೊಂಡರೆ ಮಳೆಯಿಂದ ಅಡ್ಡಿಯಿಲ್ಲ. ಟಿಕೆಟ್ ಮಾಡಿಸುವಾಗ ಶುಕ್ರವಾರ ರಾತ್ರಿಯೊಳಗೆ ವಹಾಕಾ ಸೇರುವ ಹಾಗೆ ನೋಡಿಕೊಳ್ಳಿ. ಶನಿವಾರ ಅಬಾಸ್ತೊಸ್, ಭಾನುವಾರ ತ್ಲಕೊಲೂಲಾ, ಎರಡೂ ಸಿಗುತ್ತವೆ.